ಮುದ್ರೆಯೂ ಒಂದು ಸಾಕ್ಷ್ಯವೇ



ಕಳೆದ ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಕ್ಯಾಂಪಿಗೆ ಮರಳುವಾಗ ನಾವು ನಾಲ್ಕು ಮಂದಿ ಬಕಾಲಾಕ್ಕೆ ಹೋಗಿದ್ದೆವು. ಸಹರಿಗೆ ಬ್ರೆಡ್ಡು, ಮೊಸರು, ಅಡುಗೆ ಎಣ್ಣೆ ತೆಗೆದುಕೊಳ್ಳುವುದಿತ್ತು. ನಮ್ಮ ಜೊತೆಗಿದ್ದ ಚಿಕ್ಕಮಗಳೂರಿನ ಹುಡುಗ ಕಾಫಿ ಪುಡಿಯ ಎರಡು ಬಾಟಲಿ ಹಿಡಿದು ನಿಂತುಬಿಟ್ಟಿದ್ದ. ಯೆಮೆನ್‌ನಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನೆಟ್ಟರೆಂದು ಹಿರಿಯರು ಹೇಳುವ ಗಿರಿಯ ತಪ್ಪಲಿನವನು ಅವನು. ಕಾಫಿಯ ವಿಷಯದಲ್ಲಿ ಅವನಿಗೆ ಮೋಸ ಮಾಡುವುದು ಕಷ್ಟ. ಒಂದು ಬಾಟಲಿಯ ಮೇಲೆ ಹಸಿರು ಕಪ್ಪೆಯ ಚಿತ್ರವಿತ್ತು, ಬೆಲೆ ಎರಡು ರಿಯಾಲ್ ಹೆಚ್ಚು.

"ಕಾಕಾ, ಈ ಕಪ್ಪೆಗೆ ಎರಡು ರಿಯಾಲ್ ಯಾಕೆ ಕೊಡಬೇಕು?" ಎಂದು ನನ್ನನ್ನು ಕೇಳಿದ. ಎಲ್ಲರೂ ನಕ್ಕೆವು. "ಕಾಡು ಕಡಿಯದೆ, ಕೂಲಿಯವರಿಗೆ ಅನ್ಯಾಯ ಮಾಡದೆ ಬೆಳೆದ ಕಾಫಿ ಅಂತ ಗುರುತು" ಎಂದೆ.

ಅವನು ಬಿಡಲಿಲ್ಲ. "ನಮ್ಮ ಕಂಪೆನಿಯ ಗೇಟಿನಲ್ಲೂ ಅಂಥದ್ದೇ ಸರ್ಟಿಫಿಕೇಟ್ ಫ್ರೇಮ್ ಹಾಕಿ ತೂಗುಹಾಕಿದ್ದಾರಲ್ಲ ಕಾಕಾ. ಅದು ಹೇಗೆ ಬಂತು ಅಂತ ನಮಗೆ ಗೊತ್ತಿಲ್ಲವಾ?"

ಈ ಸಲ ಯಾರೂ ನಗಲಿಲ್ಲ. ನಾನು ಎಣ್ಣೆಯ ದುಡ್ಡು ಕೊಟ್ಟು ಹೊರಗೆ ಬಂದೆ. ಅವನ ಪ್ರಶ್ನೆ ಮಾತ್ರ ಇಡೀ ವರ್ಷ ನನ್ನ ಜೊತೆಗಿತ್ತು. ಒಂದು ವಸ್ತುವಿನ ಮೇಲೆ ಬೇರೆಯವರು ಹಾಕಿದ ಮುದ್ರೆಯನ್ನು ನಂಬಬಹುದೇ? ನಂಬಿಕೆ ಕೆಟ್ಟರೆ ಪಾಪ ಯಾರದು? ಅದರಲ್ಲಿ ನಮ್ಮ ಪಾಲು ಎಷ್ಟು? ನಾನು ಆಲಿಮ್ ಅಲ್ಲ, ಗೋದಾಮಿನಲ್ಲಿ ಕೆಲಸ ಮಾಡುವವನು. ಓದಿ ತಿಳಿದದ್ದನ್ನೂ ಕಣ್ಣಾರೆ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಕೈಗೆ ಎಟುಕದ ರಾಶಿ

ನಾವು ಕೊಳ್ಳುವ ಸಾಮಾನುಗಳಲ್ಲಿ ಮೂರು ಬಗೆಯಿದೆ. ಟೊಮೆಟೊ ಕೊಳೆತಿದೆಯೋ ಇಲ್ಲವೋ ಅಂಗಡಿಯಲ್ಲೇ ಗೊತ್ತಾಗುತ್ತದೆ. ಅಕ್ಕಿ ಹಳೆಯದೋ ಹೊಸದೋ ಬೇಯಿಸಿ ಉಂಡ ಮೇಲೆ ಗೊತ್ತಾಗುತ್ತದೆ. ಮೂರನೆಯ ಬಗೆ ಬೇರೆ. ಈ ಕಾಫಿಗಾಗಿ ಕಾಡು ಕಡಿದರೋ ಇಲ್ಲವೋ, ಈ ಅಂಗಿ ಹೊಲಿದವರಿಗೆ ಸಂಬಳ ಸಿಕ್ಕಿತೋ ಇಲ್ಲವೋ, ಈ ಮೀನನ್ನು ಸಮುದ್ರ ಬರಿದಾಗುವಂತೆ ಬಾಚಿ ತಂದರೋ ಇಲ್ಲವೋ, ಇದು ತಿಂದ ಮೇಲೂ ತೊಟ್ಟು ಹರಿದ ಮೇಲೂ ನಮಗೆ ಗೊತ್ತಾಗುವುದಿಲ್ಲ. ಮೈಕೆಲ್ ಡಾರ್ಬಿ ಮತ್ತು ಎಡಿ ಕರ್ನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1973ರಲ್ಲಿ ಈ ಮೂರನೆಯ ಬಗೆಗೆ ಒಂದು ಹೆಸರು ಕೊಟ್ಟರು. ಬರೀ ನಂಬಿಕೆಯ ಮೇಲೆ ಕೊಳ್ಳುವ ಸರಕು ಎಂಬುದು ಅದರ ಅರ್ಥ.

ಚಿನ್ನವನ್ನೇ ನೋಡಿ. ಊರಿಗೆ ಹೋಗುವಾಗ ಮಗಳಿಗೋ ತಂಗಿಗೋ ಒಂದು ಬಳೆ ಕೊಳ್ಳುತ್ತೇವೆ. ಒಳಗೆ 916 ಎಂಬ ಗುರುತು ಇದೆಯೇ ಎಂದು ನೋಡುತ್ತೇವೆ. ಸಂಶಯ ಬಂದರೆ ಊರಿನ ಅಕ್ಕಸಾಲಿಗ ಒರೆಗಲ್ಲಿಗೆ ತಿಕ್ಕಿ ಹೇಳುತ್ತಾನೆ. ಯಾಕೆಂದರೆ ಚಿನ್ನದ ಸತ್ಯ ಚಿನ್ನದ ಒಳಗೇ ಇದೆ. ಕಾಫಿಯ ಸತ್ಯ ಕಾಫಿಯ ಒಳಗಿಲ್ಲ. ಅದು ತೋಟದಲ್ಲೇ ಉಳಿದಿದೆ, ಕೆಲಸದವರ ಲೈನ್ ಮನೆಗಳಲ್ಲಿ ಉಳಿದಿದೆ. ಅದನ್ನು ತಿಕ್ಕಿ ನೋಡಲು ಯಾವ ಒರೆಗಲ್ಲೂ ಇಲ್ಲ.

ಪ್ರವಾದಿ(ಸ)ಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿತ್ತು, ಒಳಗೆ ಒದ್ದೆಯಿತ್ತು. ಮಳೆ ಬಿದ್ದು ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಒದ್ದೆಯಾದದ್ದನ್ನು ಜನ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು. ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪಲ್ಲ, ಒದ್ದೆಯನ್ನು ಮುಚ್ಚಿಟ್ಟದ್ದು ತಪ್ಪು. ಅಂದು ರಾಶಿ ಕಣ್ಣೆದುರಿಗಿತ್ತು, ಕೈ ಹಾಕಿದರೆ ಸಾಕಿತ್ತು. ಇಂದು ರಾಶಿ ಇಂಡೋನೇಷ್ಯಾದಲ್ಲಿದೆ, ಬ್ರೆಜಿಲ್‌ನಲ್ಲಿದೆ, ಬಾಂಗ್ಲಾದೇಶದಲ್ಲಿದೆ. ನಮ್ಮ ಕೈ ಅಲ್ಲಿಗೆ ಎಟುಕುವುದಿಲ್ಲ. ಆದ್ದರಿಂದ ಬೇರೊಬ್ಬರ ಕೈಯನ್ನು ಕಳುಹಿಸುತ್ತೇವೆ. ಸರ್ಟಿಫಿಕೇಟ್ ಎಂದರೆ ಇಷ್ಟೇ.

ಮೂರನೆಯವನ ಮಾತು

ಇದು ನಡೆಯುವ ಕ್ರಮ ಹೀಗಿದೆ. ಒಂದು ಸಂಸ್ಥೆ ನಿಯಮಗಳನ್ನು ಬರೆಯುತ್ತದೆ. ಹಸಿರು ಕಪ್ಪೆಯ ಮುದ್ರೆ 1987ರಲ್ಲಿ ಆರಂಭವಾದ ರೈನ್‌ಫಾರೆಸ್ಟ್ ಅಲಯನ್ಸ್ ಸಂಸ್ಥೆಯದ್ದು. ನಮ್ಮ ಕೊಡಗು, ಚಿಕ್ಕಮಗಳೂರಿನ ಕೆಲವು ಕಾಫಿ ತೋಟಗಳಿಗೂ ಅದು ಸಿಕ್ಕಿದೆ. ಮರ ಮತ್ತು ಕಾಗದಕ್ಕೆ 1993ರಿಂದ ಎಫ್‌ಎಸ್‌ಸಿ ಇದೆ. ತಾಳೆ ಎಣ್ಣೆಗೆ 2004ರಿಂದ ಆರ್‌ಎಸ್‌ಪಿಒ ಇದೆ. ನಿಯಮ ಬರೆದವರೇ ಹೋಗಿ ಪರೀಕ್ಷಿಸುವುದಿಲ್ಲ. ಅದಕ್ಕೆ ಬೇರೆ ಆಡಿಟ್ ಕಂಪೆನಿಗಳಿವೆ. ಆ ಆಡಿಟ್ ಕಂಪೆನಿಗಳು ಸರಿಯಾಗಿವೆಯೇ ಎಂದು ನೋಡಲು ಇನ್ನೊಂದು ಸಂಸ್ಥೆ ಇರುತ್ತದೆ. ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಮೂರನೆಯವನು ಬಂದು ನೋಡಿ ಹೇಳಬೇಕು ಎಂಬುದು ಇದರ ತಳಹದಿ. ಸ್ವತಂತ್ರ ಪ್ರಮಾಣಪತ್ರ ಎನ್ನುವುದು ಇದನ್ನೇ.

ಈ ಮೂರನೆಯವನಿಲ್ಲದೆ ಕಂಪೆನಿ ತಾನೇ ಎಲೆಯ ಚಿತ್ರ ಹಾಕಿ "ಪರಿಸರಸ್ನೇಹಿ" ಎಂದು ಬರೆದುಕೊಂಡರೆ ಅದು ಜಾಹೀರಾತು, ಅದನ್ನು ಸಾಕ್ಷ್ಯ ಎನ್ನಲಾಗದು. ಯುರೋಪಿಯನ್ ಕಮಿಷನ್ 2020ರಲ್ಲಿ ಇಂಥ ಹೇಳಿಕೆಗಳನ್ನು ಪರಿಶೀಲಿಸಿದಾಗ 53 ಶೇಕಡಾ ಹೇಳಿಕೆಗಳು ಅಸ್ಪಷ್ಟ, ದಾರಿ ತಪ್ಪಿಸುವಂಥವು ಅಥವಾ ಆಧಾರವಿಲ್ಲದವು ಎಂದು ಕಂಡುಬಂತು. ನಮ್ಮ ಭಾರತದಲ್ಲೂ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಹಸಿರು ಸುಳ್ಳುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು.

ಮುದ್ರೆ ನಿಜವಾದದ್ದಾದರೂ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರಬೇಕು. ನಮ್ಮ ಕ್ಯಾಂಪಿನ ಅಡುಗೆಮನೆಯಲ್ಲಿ ನಿತ್ಯ ಬಳಸುವ ತಾಳೆ ಎಣ್ಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪ್ರಮಾಣಿತ ತೋಟದ ಎಣ್ಣೆಯನ್ನು ಬೇರೆಯಾಗಿಯೇ ಇಟ್ಟು ಡಬ್ಬಿಗೆ ತುಂಬುವ ಕ್ರಮ ಒಂದಿದೆ. ಪ್ರಮಾಣಿತ ಎಣ್ಣೆಯನ್ನೂ ಉಳಿದ ಎಣ್ಣೆಯನ್ನೂ ಒಂದೇ ಟ್ಯಾಂಕಿಯಲ್ಲಿ ಸೇರಿಸಿ, ಎಷ್ಟು ಪ್ರಮಾಣಿತ ಎಣ್ಣೆ ಒಳಗೆ ಬಂತೋ ಅಷ್ಟೇ ಪ್ರಮಾಣದ ಎಣ್ಣೆಯನ್ನು ಮುದ್ರೆಯೊಂದಿಗೆ ಮಾರುವ ಕ್ರಮವೂ ಇದೆ. ಇದು ಕಳ್ಳತನವಲ್ಲ, ನಿಯಮದಲ್ಲೇ ಇದೆ. ಇದರಿಂದ ಒಳ್ಳೆಯ ತೋಟದವನಿಗೆ ಬೇಡಿಕೆ ಸಿಗುತ್ತದೆ. ಆದರೆ ನಮ್ಮ ಡಬ್ಬಿಯಲ್ಲಿರುವ ಎಣ್ಣೆ ಆ ತೋಟದ್ದೇ ಎಂಬ ಭರವಸೆ ಇಲ್ಲ. ಆ ಎಣ್ಣೆ "ಮಿಶ್ರ" ಎಂದು ಲೇಬಲ್ಲಿನಲ್ಲಿ ಬರೆದಿದ್ದರೆ ಒದ್ದೆಯನ್ನು ರಾಶಿಯ ಮೇಲೆ ಇಟ್ಟಂತೆ. ಕೊಳ್ಳುವವನು ಅದನ್ನು ಓದಿದರೆ ಸಾಕು.

ಬೇಲಿಯ ಈ ಕಡೆಯಿಂದ

ಇಷ್ಟು ಅಂಗಡಿಯ ಕಡೆಯ ಮಾತಾಯಿತು. ನಾವು ಗಲ್ಫ್‌ನಲ್ಲಿ ದುಡಿಯುವವರು ಇನ್ನೊಂದು ಕಡೆಯಲ್ಲೂ ನಿಂತಿದ್ದೇವೆ. ಮುದ್ರೆ ತಯಾರಾಗುವ ಜಾಗದಲ್ಲಿ.

ಆಡಿಟ್ ಬರುವ ವಾರ ಹೇಗಿರುತ್ತದೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಸ್ಟೋರಿನಿಂದ ಹೊಸ ಹೆಲ್ಮೆಟ್, ಹೊಸ ಗ್ಲೌಸ್ ಹೊರಗೆ ಬರುತ್ತವೆ. ನೆಲದ ಹಳದಿ ಗೆರೆಗೆ ಮತ್ತೆ ಪೇಂಟ್. ತುರ್ತು ಬಾಗಿಲಿನ ಎದುರು ವರ್ಷವಿಡೀ ಇದ್ದ ಪ್ಯಾಲೆಟ್‌ಗಳು ಒಂದೇ ರಾತ್ರಿಯಲ್ಲಿ ಮಾಯ. ಕಾಗದಕ್ಕೊಂದು, ಪ್ಲಾಸ್ಟಿಕ್‌ಗೊಂದು, ಊಟದ ಕಸಕ್ಕೊಂದು ಎಂದು ಮೂರು ಬಣ್ಣದ ಡಬ್ಬಿಗಳು ಬರುತ್ತವೆ. ಸಂಜೆ ಮೂರನ್ನೂ ಒಂದೇ ಲಾರಿಗೆ ಸುರಿಯುವುದನ್ನು ಸುರಿಯುವ ನಾವೇ ನೋಡಿದ್ದೇವೆ.

ನಾನು ಮೊದಲು ಕೆಲಸ ಮಾಡಿದ ಕಂಪೆನಿಯಲ್ಲಿ ಒಮ್ಮೆ ಆಡಿಟರ್ ನನ್ನನ್ನೇ ಕರೆದು ಮಾತಾಡಿಸಿದರು. ಸಭ್ಯ ಮನುಷ್ಯ. ಕುಡಿಯುವ ನೀರು ಸಿಗುತ್ತದೆಯೇ, ಓವರ್‌ಟೈಮ್ ಹಣ ಬರುತ್ತದೆಯೇ, ಪಾಸ್‌ಪೋರ್ಟ್ ಯಾರ ಬಳಿ ಇದೆ ಎಂದು ಕೇಳಿದರು. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಹಿಂದಿಯಲ್ಲಿ ನನಗೆ ಹೇಳಿದ್ದು, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ ಹೇಳಿದ್ದು ನನ್ನ ಸೂಪರ್‌ವೈಸರ್. ನನ್ನ ರಜೆಯ ಅರ್ಜಿ ಅವರ ಮೇಜಿನ ಮೇಲಿತ್ತು. ಮೂರು ಪ್ರಶ್ನೆಗೂ ನಾನು ಒಂದೇ ಉತ್ತರ ಕೊಟ್ಟೆ: ಎಲ್ಲ ಸರಿಯಾಗಿದೆ. ಆಡಿಟರ್ ಅದನ್ನು ಬರೆದುಕೊಂಡರು. ಎರಡು ತಿಂಗಳ ಬಳಿಕ ಗೇಟಿನಲ್ಲಿ ಫ್ರೇಮ್ ಬಂತು. ಆ ಫ್ರೇಮಿನೊಳಗೆ ನನ್ನ ಆ ಮಾತೂ ಇದೆ. ಚಿಕ್ಕಮಗಳೂರಿನ ಹುಡುಗ ಹೇಳಿದ್ದು ಇದನ್ನೇ.

ಕರಾಚಿಯ ಬೀಗ

ಇದು ಬರೀ ಕಾಗದದ ವಿಷಯ, ಇದರಿಂದ ಯಾರಿಗೇನು ನಷ್ಟ ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವವರು ಕರಾಚಿಯ ಬಲದಿಯಾ ಟೌನ್‌ನ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಯ ಕಥೆ ತಿಳಿಯಬೇಕು. ಅಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಅದರ ಮುಖ್ಯ ಗಿರಾಕಿ ಜರ್ಮನಿಯ ಅಗ್ಗದ ಬಟ್ಟೆಯ ಮಳಿಗೆ. 2012ರ ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಹತ್ತಿತು. 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಾಗಿಲುಗಳಿಗೆ ಬೀಗವಿತ್ತು, ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು. ಹಣ ಸುಲಿಗೆಗಾಗಿ ಬೇಕೆಂದೇ ಬೆಂಕಿ ಇಟ್ಟರು ಎಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತು ಶಿಕ್ಷೆ ವಿಧಿಸಿತು. ಬೆಂಕಿ ಇಟ್ಟವರು ಅಪರಾಧಿಗಳೇ. ಆದರೆ ಒಳಗಿದ್ದವರು ಹೊರಗೆ ಓಡಲಾಗದ್ದು ಬೀಗದಿಂದ.

ಆ ಘಟನೆಗೆ ಕೇವಲ ಮೂರು ವಾರ ಮೊದಲು ಆ ಕಾರ್ಖಾನೆಗೆ ಎಸ್‌ಎ 8000 ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಕಾರ್ಮಿಕರ ಆರೋಗ್ಯ, ಸುರಕ್ಷತೆ, ಸಂಬಳ, ಕೆಲಸದ ಸಮಯ ಎಲ್ಲ ಸರಿಯಾಗಿದೆ ಎಂದು ಹೇಳುವ ಪ್ರಮಾಣಪತ್ರ ಅದು. ಸಹೋದರರೇ, ಸತ್ತವರು ನಮ್ಮಂಥವರೇ. ಸಂಬಳದ ದಿನ ಮನೆಗೆ ಹಣ ಕೊಡುವವರು, ಮಕ್ಕಳ ಫೀಸು ಕಟ್ಟುವವರು. ಸುಳ್ಳು ಮುದ್ರೆ ಅವರನ್ನು ಕಾಪಾಡಲಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಮುದ್ರೆ ಇರದಿದ್ದರೆ ಜರ್ಮನಿಯಲ್ಲಿ ಯಾರಾದರೊಬ್ಬರು "ಆ ಕಾರ್ಖಾನೆ ಹೇಗಿದೆ?" ಎಂದು ಕೇಳುವ ಸಾಧ್ಯತೆಯಾದರೂ ಇತ್ತು. ಮುದ್ರೆ ಬಂದ ಮೇಲೆ ಕೇಳಬೇಕಾದವರು ಕೇಳುವುದನ್ನು ನಿಲ್ಲಿಸುತ್ತಾರೆ. ಸುಳ್ಳು ಸಾಕ್ಷ್ಯ ಅಷ್ಟು ದೊಡ್ಡ ಪಾಪ ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಪ್ರವಾದಿ(ಸ)ಯವರು ಮಹಾಪಾಪಗಳನ್ನು ಹೇಳುತ್ತಾ ಒರಗಿ ಕುಳಿತಿದ್ದವರು, ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು, ಅದನ್ನೇ ಮತ್ತೆ ಮತ್ತೆ ಹೇಳಿದರಂತೆ. ಇನ್ನು ಸಾಕು ಮಾಡಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು.

ಸಾಕ್ಷಿಗೆ ಸಂಬಳ ಕೊಡುವವರು ಯಾರು?

ಆಡಿಟರುಗಳೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರ ಪರಿಸ್ಥಿತಿಯನ್ನೂ ನೋಡಬೇಕು. ಹೆಚ್ಚಿನ ಕಡೆ ಆಡಿಟರನ್ನು ಆರಿಸುವುದು, ಅವನಿಗೆ ಹಣ ಕೊಡುವುದು ಪರೀಕ್ಷೆಗೆ ಒಳಗಾಗುವ ಕಂಪೆನಿಯೇ. ಈ ವರ್ಷ ಕಠಿಣವಾಗಿ ಬರೆದರೆ ಮುಂದಿನ ವರ್ಷ ಬೇರೆಯವನನ್ನು ಕರೆಯುತ್ತಾರೆ. ಕೋರ್ಟಿನಲ್ಲಿ ಆರೋಪಿಯೇ ಸಾಕ್ಷಿಯನ್ನು ಹುಡುಕಿ, ಊಟ ಹಾಕಿ, ಭತ್ಯೆ ಕೊಟ್ಟು ಕರೆತಂದರೆ ನ್ಯಾಯಾಧೀಶರು ಆ ಸಾಕ್ಷ್ಯವನ್ನು ಎಷ್ಟು ನಂಬುತ್ತಾರೆ?

ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಗುಜರಾತಿನಲ್ಲಿ ಮಾಲಿನ್ಯ ಉಂಟುಮಾಡುವ ಕಾರ್ಖಾನೆಗಳು ವರ್ಷಕ್ಕೊಮ್ಮೆ ಖಾಸಗಿ ಆಡಿಟರಿಂದ ವರದಿ ಮಾಡಿಸಿ ಸರಕಾರಕ್ಕೆ ಕೊಡಬೇಕೆಂಬ ನಿಯಮವಿತ್ತು. ಆರಿಸುವುದೂ ಹಣ ಕೊಡುವುದೂ ಕಾರ್ಖಾನೆಯೇ. ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೋ ಸಹಿತ ನಾಲ್ವರು ಅರ್ಥಶಾಸ್ತ್ರಜ್ಞರು ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ, ಅಹಮದಾಬಾದ್ ಮತ್ತು ಸೂರತ್ ಕಡೆಯ 473 ಕಾರ್ಖಾನೆಗಳಲ್ಲಿ ಎರಡು ವರ್ಷ ಪ್ರಯೋಗ ನಡೆಸಿದರು. 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಅರ್ಧ ಕಾರ್ಖಾನೆಗಳಲ್ಲಿ ಹಳೆಯ ಕ್ರಮವೇ ಮುಂದುವರಿಯಿತು. ಉಳಿದವುಗಳಲ್ಲಿ ಕ್ರಮ ಬದಲಾಯಿತು. ಯಾವ ಆಡಿಟರ್ ಎಲ್ಲಿಗೆ ಹೋಗಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸಿದರು. ಸಂಬಳ ಕಾರ್ಖಾನೆಯಿಂದಲ್ಲ, ಒಂದು ಸಾಮಾನ್ಯ ನಿಧಿಯಿಂದ, ಎಲ್ಲರಿಗೂ ಒಂದೇ ಮೊತ್ತ. ಅವರು ಅಳೆದು ಹೋದ ಮೇಲೆ ಕೆಲವು ಕಡೆ ಬೇರೆಯವರು ಹೋಗಿ ಮತ್ತೆ ಅಳೆದರು. ಎರಡನೆಯ ವರ್ಷ ಸರಿಯಾಗಿ ವರದಿ ಮಾಡಿದವರಿಗೆ ಹೆಚ್ಚುವರಿ ಹಣ ಕೊಟ್ಟರು.

ಹಳೆಯ ಕ್ರಮದಲ್ಲಿ ಏನಾಗುತ್ತಿತ್ತೆಂದು ಆಗ ಬಯಲಾಯಿತು. ಚಿಮಣಿಯ ಹೊಗೆಯಲ್ಲಿ ಧೂಳಿನ ಮಿತಿ ಒಂದು ಘನ ಮೀಟರಿಗೆ 150 ಮಿಲಿಗ್ರಾಂ. ಆಡಿಟರ್‌ಗಳ ವರದಿಗಳಲ್ಲಿ ಸಂಖ್ಯೆಗಳು 150ಕ್ಕೆ ಸ್ವಲ್ಪವೇ ಕೆಳಗೆ ಬಂದು ಗುಂಪುಗೂಡಿದ್ದವು. ಅವರ ಪ್ರಕಾರ ಮಿತಿ ಮೀರಿದ ಕಾರ್ಖಾನೆಗಳು 7 ಶೇಕಡಾ. ಬೇರೆಯವರು ಹೋಗಿ ಅಳೆದಾಗ ನಿಜವಾಗಿ ಮಿತಿ ಮೀರಿದ್ದವು 59 ಶೇಕಡಾ. ಹೊಸ ಕ್ರಮದಲ್ಲಿ ಸುಳ್ಳಾಗಿ "ಪಾಸ್" ಎಂದು ಬರೆಯುವುದು 80 ಶೇಕಡಾದಷ್ಟು ಕಡಿಮೆಯಾಯಿತು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಸತ್ಯ ಬರೆಯಲು ಶುರುಮಾಡಿದ ಮೇಲೆ ಕಾರ್ಖಾನೆಗಳು ನಿಜವಾಗಿಯೇ ಮಾಲಿನ್ಯ ಕಡಿಮೆ ಮಾಡಿದವು. 2015ರಲ್ಲಿ ಗುಜರಾತ್ ತನ್ನ ನಿಯಮವನ್ನು ಈ ದಾರಿಗೆ ತಿದ್ದಿಕೊಂಡಿತು.

ಇದನ್ನು ಓದಿದಾಗ ನನಗೆ ಹೊಳೆದದ್ದು ಒಂದೇ. ಆಡಿಟರುಗಳ ಮನಸ್ಸು ರಾತ್ರೋರಾತ್ರಿ ಬದಲಾಗಿರಲಿಲ್ಲ. ಅದೇ ವೃತ್ತಿಯವರು ಹಳೆಯ ಕ್ರಮದಲ್ಲಿ ಸುಳ್ಳು ಬರೆದರು, ಹೊಸ ಕ್ರಮದಲ್ಲಿ ಸತ್ಯ ಬರೆದರು. ಮನುಷ್ಯನಿಗೆ ಈಮಾನ್ ಬೇಕು, ನಿಜ. ಆದರೆ ಸತ್ಯ ಹೇಳಿದವನಿಗೆ ಅನ್ನ ತಪ್ಪುವಂಥ ವ್ಯವಸ್ಥೆ ಕಟ್ಟಿಟ್ಟು, ಬಳಿಕ ಪ್ರಾಮಾಣಿಕತೆಯ ಉಪದೇಶ ಮಾಡುವುದು ನ್ಯಾಯವಲ್ಲ.

ಸಾಕ್ಷಿಗೆ ಕೇಡಾಗಬಾರದು

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಸಾಲದ ವ್ಯವಹಾರದ ಕುರಿತಾದದ್ದು. ಬರೆದಿಡಿ, ಸಾಕ್ಷಿಗಳನ್ನು ಇರಿಸಿಕೊಳ್ಳಿ, ಕರೆದಾಗ ಸಾಕ್ಷಿಗಳು ಹಿಂಜರಿಯಬಾರದು ಎಂದು ಸೂರಃ ಅಲ್ ಬಕರದ ಆ 282ನೇ ಆಯತ್ ಕಲಿಸುತ್ತದೆ. ಅದರ ಕೊನೆಯ ಭಾಗವನ್ನು ನಾವು ಅಷ್ಟು ಗಮನಿಸುವುದಿಲ್ಲ. ಬರೆಯುವವನಿಗಾಗಲಿ ಸಾಕ್ಷಿಗಾಗಲಿ ಕೇಡು ಮಾಡಬಾರದು ಎಂಬ ಆಜ್ಞೆಯೂ ಅಲ್ಲಿದೆ. ಸೂರಃ ಅನ್ನಿಸಾದಲ್ಲಿ ಸ್ವಂತ ವಿರುದ್ಧವಾದರೂ, ಹೆತ್ತವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ಹೇಳಬೇಕೆಂದು ಕರೆ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಸಾಕ್ಷಿಯ ಮೇಲೆ ಸತ್ಯ ಹೇಳುವ ಹೊಣೆ ಇದೆ. ಸಾಕ್ಷ್ಯ ಕೇಳುವ ಸಮಾಜದ ಮೇಲೆ ಅವನನ್ನು ಕಾಪಾಡುವ ಹೊಣೆ ಇದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳುವ ಮುದ್ರೆ ಪೊಳ್ಳು.

ಈ ಎರಡನ್ನೂ ಒಟ್ಟಿಗೆ ಮಾಡಿದ ಒಂದು ಉದಾಹರಣೆ ಬಾಂಗ್ಲಾದೇಶದಲ್ಲಿದೆ. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನ ಸಿಬ್ಬಂದಿ ಅಂದು ಕೆಲಸಕ್ಕೆ ಬರಲಿಲ್ಲ, ಬಟ್ಟೆ ಹೊಲಿಯುವವರನ್ನು ಮಾತ್ರ ಒಳಗೆ ಕರೆದರು. ಅವರಿಗೆ ಬಿರುಕು ಗೊತ್ತಿತ್ತು. ಬರಲಾರೆ ಎನ್ನುವ ಹಕ್ಕು ಇರಲಿಲ್ಲ.

ಅದಾದ ಕೆಲವೇ ವಾರಗಳಲ್ಲಿ ಬಟ್ಟೆ ಕಂಪೆನಿಗಳೂ ಕಾರ್ಮಿಕ ಸಂಘಟನೆಗಳೂ ಸೇರಿ "ಅಕಾರ್ಡ್" ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಪಾಲಿಸದಿದ್ದರೆ ಕಾನೂನು ಕ್ರಮಕ್ಕೆ ದಾರಿಯಿದ್ದ ಒಪ್ಪಂದ ಅದು. ಕಾರ್ಖಾನೆಯ ಮಾಲಕ ಪರೀಕ್ಷಕನನ್ನು ಆರಿಸುವಂತಿಲ್ಲ. ವರದಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಕಾರ್ಮಿಕ ದೂರು ಕೊಟ್ಟರೆ ಅವನ ಮೇಲೆ ಸೇಡು ತೀರಿಸಬಾರದು. ಅಪಾಯವಿದೆ ಎಂದು ಅನಿಸಿದರೆ ಒಳಗೆ ಹೋಗದಿರುವ ಹಕ್ಕು ಅವನಿಗಿದೆ. ಇದರಡಿ ಸುಮಾರು 1,600 ಕಾರ್ಖಾನೆಗಳ ಪರೀಕ್ಷೆ ನಡೆಯಿತು. ಅದರಲ್ಲಿ ಕೊರತೆಗಳಿಲ್ಲ ಎಂದಲ್ಲ. ಆದರೆ ಬೀಗ ಹಾಕಿದ ಬಾಗಿಲುಗಳು ತೆರೆದವು, ದುರ್ಬಲ ಕಂಬಗಳಿಗೆ ಬಲ ಬಂತು. ಇದು ಸಾಧ್ಯವಾದದ್ದು ಹೊಲಿಗೆ ಯಂತ್ರದ ಮುಂದೆ ಕುಳಿತವರ ಬಾಯಿಗೆ ಬೆಲೆ ಕೊಟ್ಟದ್ದರಿಂದ.

ಹಾಗಾದರೆ ಒಂದು ಮುದ್ರೆಯನ್ನು ತೂಗುವ ಪ್ರಶ್ನೆಗಳು ನಾಲ್ಕು. ನೋಡಿದವನಿಗೆ ಹಣ ಕೊಟ್ಟವರು ಯಾರು? ಅವನು ಹೇಳದೆ ಬಂದು ನೋಡಿದನೇ, ಹೇಳಿ ಬಂದು ನೋಡಿದನೇ? ಅವನು ಬರೆದದ್ದನ್ನು ನಾವು ಓದಬಹುದೇ? ಕೆಲಸದವನು ನಿಜ ಹೇಳಿದರೆ ಅವನಿಗೆ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಇಲ್ಲದಿದ್ದರೆ ಉಳಿದ ಮೂರರಿಂದ ಹೆಚ್ಚು ಪ್ರಯೋಜನವಿಲ್ಲ.

ನಮ್ಮ ಕೈಯ ಪೆನ್ನು

ಇನ್ನು ನಮ್ಮ ಪಾಲಿನ ಮಾತು. ಹೆದರಿ "ಎಲ್ಲ ಸರಿಯಾಗಿದೆ" ಎಂದವನ ಪಾಪ ಎಷ್ಟು ಎಂದು ಹೇಳುವ ಅಧಿಕಾರ ನನಗಿಲ್ಲ. ಅದನ್ನು ಬಲ್ಲವರಲ್ಲಿ ಕೇಳಿ. ಇಕಾಮಾ, ಸಾಲ, ಮನೆಯ ಪರಿಸ್ಥಿತಿ ಎಲ್ಲ ಅಲ್ಲಾಹನಿಗೆ ಗೊತ್ತಿದೆ. ಬಲವಂತಕ್ಕೆ ಸಿಕ್ಕವನನ್ನೂ ಬಲವಂತ ಮಾಡಿದವನನ್ನೂ ಅವನು ಒಂದೇ ತಕ್ಕಡಿಯಲ್ಲಿ ತೂಗಲಾರ ಎಂಬ ಭರವಸೆ ನನಗಿದೆ.

ಆದರೆ ಯಾರ ಬಲವಂತವೂ ಇಲ್ಲದೆ ನಾವು ಹೇಳುವ ಸುಳ್ಳುಗಳೂ ಇವೆ. ನನ್ನದೇ ಹೇಳುತ್ತೇನೆ. ಗೋದಾಮಿನಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳನ್ನು ತಿಂಗಳಿಗೊಮ್ಮೆ ನೋಡಿ ಅದರ ಚೀಟಿಯಲ್ಲಿ ಸಹಿ ಹಾಕುವ ಕೆಲಸ ನನ್ನದಾಗಿತ್ತು. ಸೂಜಿ ಹಸಿರಿನಲ್ಲಿದೆಯೇ, ಪಿನ್ ಇದೆಯೇ ಎಂದು ನೋಡುವುದು, ಒಂದಕ್ಕೆ ಅರ್ಧ ನಿಮಿಷದ ಕೆಲಸ. ಯಾರೂ ಹೆದರಿಸಿರಲಿಲ್ಲ. ಸೋಮಾರಿತನದಿಂದ ಮೂರು ತಿಂಗಳು ನೋಡಲಿಲ್ಲ. ನಾಳೆ ಆಡಿಟ್ ಎಂದಾಗ ಮೂರು ತಿಂಗಳ ಸಹಿಯನ್ನು ಒಂದೇ ಸಂಜೆ ಹಾಕಿದೆ. ಸಂಶಯ ಬರಬಾರದೆಂದು ಎರಡು ಬೇರೆ ಬಣ್ಣದ ಪೆನ್ನು ಬಳಸಿದೆ. ಆಡಿಟರ್ ಚೀಟಿ ನೋಡಿ ತಲೆಯಾಡಿಸಿದರು. ಕೆಲವು ವಾರಗಳ ಬಳಿಕ ಯಾವುದೋ ಪೆಟ್ಟಿಗೆ ಸರಿಸುವಾಗ ಕಂಡಿತು, ಮೂಲೆಯ ಸಿಲಿಂಡರಿನ ಸೂಜಿ ಕೆಂಪಿನಲ್ಲಿತ್ತು. ಒಳಗೆ ಒತ್ತಡವೇ ಇರಲಿಲ್ಲ. ಅದರ ಕೊರಳಿನಲ್ಲಿ ನನ್ನ ಸಹಿ ನೇತಾಡುತ್ತಿತ್ತು. ಅದರ ಪಕ್ಕದಲ್ಲೇ ರಾತ್ರಿ ಪಾಳಿಯ ಮೂವರು ಹುಡುಗರು ಚಹಾ ಕುಡಿಯಲು ಕೂರುವ ಜಾಗ. ಅಲ್ಲಾಹನ ಕೃಪೆ, ಏನೂ ಆಗಲಿಲ್ಲ. ಆಗಿದ್ದರೆ ನಾನು ಸೂಪರ್‌ವೈಸರನ್ನಾಗಲಿ ಆಡಿಟರನ್ನಾಗಲಿ ದೂರುವಂತಿರಲಿಲ್ಲ.

ಉಪವಾಸವನ್ನು ನಾವು ಯಾರ ಪ್ರಮಾಣಪತ್ರವೂ ಇಲ್ಲದೆ ಹಿಡಿಯುತ್ತೇವೆ. ಮಧ್ಯಾಹ್ನದ ಬಿಸಿಲಿನಲ್ಲಿ ನೀರಿನ ಕೂಲರ್ ಪಕ್ಕದಲ್ಲಿ ಒಬ್ಬನೇ ಇದ್ದರೂ ಕುಡಿಯುವುದಿಲ್ಲ. ಯಾವ ಆಡಿಟರೂ ಅದನ್ನು ಪರೀಕ್ಷಿಸಲಾರ. ಮೂವತ್ತು ದಿನ ಅದು ಸಾಧ್ಯವಾಗುವುದಾದರೆ, ಅರ್ಧ ನಿಮಿಷದ ಸೂಜಿಯನ್ನು ನೋಡಿ ಸಹಿ ಹಾಕುವುದು ಅಸಾಧ್ಯವೇ? ನಮ್ಮ ರೋಝಾ ಮಸೀದಿಯ ಬಾಗಿಲಿನಲ್ಲಿ ನಿಂತುಬಿಡಬಾರದು, ಚೆಕ್‌ಲಿಸ್ಟಿನ ತನಕವೂ ಬರಬೇಕು.

ಆದ್ದರಿಂದ ಈ ರಮಝಾನಿನಲ್ಲಿ ನಮ್ಮಿಂದ ಆಗುವ ಕೆಲವು ವಿಷಯಗಳನ್ನು ನೆನಪಿಸುತ್ತೇನೆ. ಮಾಡದ ಕೆಲಸಕ್ಕೆ ಸಹಿ ಹಾಕದಿರೋಣ. ಮಾಡದಿದ್ದರೆ ಆ ಜಾಗ ಖಾಲಿ ಬಿಡೋಣ. ಹೊಸದಾಗಿ ಬಂದ ಹುಡುಗನಿಗೆ "ಇಲ್ಲಿ ಎಲ್ಲ ಹೀಗೇ" ಎಂದು ಸುಳ್ಳು ಕಲಿಸದಿರೋಣ. ಕಂಪೆನಿಯಲ್ಲಿ ಹೆಸರು ಹೇಳದೆ ದೂರು ಕೊಡುವ ಪೆಟ್ಟಿಗೆಯೋ ನಂಬರೋ ಇದ್ದರೆ ಅದನ್ನು ಬಳಸುವವನನ್ನು ಹಾಸ್ಯ ಮಾಡದಿರೋಣ, ಅವನ ಹೆಸರು ಹೊರಗೆ ಹಾಕದಿರೋಣ. ಸಾಕ್ಷಿಗೆ ಕೇಡು ಮಾಡುವುದು ಮಾಲಕ ಮಾತ್ರವಲ್ಲ, ಕೆಲವೊಮ್ಮೆ ಪಕ್ಕದ ಮಂಚದಲ್ಲಿ ಮಲಗುವವನೂ ಮಾಡುತ್ತಾನೆ. ಅಂಗಡಿಯಲ್ಲಿ ಎಲೆಯ ಚಿತ್ರಕ್ಕೂ ಬೇರೆ ಸಂಸ್ಥೆಯ ಮುದ್ರೆಗೂ ವ್ಯತ್ಯಾಸ ನೋಡೋಣ. ಅನೇಕ ಪ್ರಮಾಣಪತ್ರಗಳಿಗೆ ನಂಬರ್ ಇರುತ್ತದೆ, ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಅದನ್ನು ಮೊಬೈಲಿನಲ್ಲೇ ಹುಡುಕಬಹುದು.

ಇನ್ನೊಂದು ಮಾತು. ನಾವು ಸಾಯುವ ತನಕ ಇಲ್ಲಿ ಇರುವವರಲ್ಲ. ಊರಿಗೆ ಹೋಗಿ ಅಂಗಡಿ ಹಾಕುತ್ತೇವೆ, ವರ್ಕ್‌ಶಾಪ್ ತೆರೆಯುತ್ತೇವೆ, ಮನೆ ಕಟ್ಟುವ ಕಾಂಟ್ರಾಕ್ಟ್ ಹಿಡಿಯುತ್ತೇವೆ. ಆಗ ನಮ್ಮ ಕೈಕೆಳಗೆ ಯಾವುದೋ ಜಿಲ್ಲೆಯ, ಯಾವುದೋ ರಾಜ್ಯದ ಹುಡುಗ ನಿಂತಿರುತ್ತಾನೆ. ಗಿರಾಕಿಯ ಮುಂದೆ ಅವನನ್ನು ಯಾರಾದರೂ "ಸಂಬಳ ಸರಿಯಾಗಿ ಸಿಗುತ್ತದಾ?" ಎಂದು ಕೇಳಿದಾಗ ಅವನು ನಮ್ಮ ಮುಖ ನೋಡುತ್ತಾನೋ, ಕೇಳಿದವರ ಮುಖ ನೋಡುತ್ತಾನೋ? ಪರದೇಶದಲ್ಲಿ ನಾವು ಕಲಿತದ್ದೇನು ಎಂದು ಅವನ ಕಣ್ಣು ಹೇಳುತ್ತದೆ.

ಅಂದು ಆ ಹುಡುಗ ಕಪ್ಪೆಯ ಬಾಟಲಿಯನ್ನು ಮರಳಿ ಇಟ್ಟು ಅಗ್ಗದ್ದನ್ನೇ ಕೊಂಡ. ಅವನನ್ನು ನಾನು ದೂರುವುದಿಲ್ಲ, ಎರಡು ರಿಯಾಲ್ ಅವನಿಗೆ ದೊಡ್ಡದೇ. ಈ ಸಲ ಸಿಕ್ಕಿದರೆ ಅವನಿಗೆ ಹೇಳಬೇಕೆಂದಿದ್ದೇನೆ. ಎಲ್ಲ ಮುದ್ರೆಯೂ ಸುಳ್ಳಲ್ಲ ಮಗಾ. ಅದರ ಹಿಂದೆ ಎಲ್ಲೋ ಒಬ್ಬ ನಮ್ಮಂಥವನು ಸತ್ಯ ಹೇಳಿರಬೇಕು, ಅವನನ್ನು ಯಾರೋ ಕಾಪಾಡಿರಬೇಕು. ಅಷ್ಟಿದ್ದರೆ ಆ ಕಪ್ಪೆಗೆ ಎರಡು ರಿಯಾಲ್ ಕೊಡಬಹುದು.

ನಮ್ಮ ನಾಲಿಗೆಯ, ನಮ್ಮ ಸಹಿಯ ಸಾಕ್ಷ್ಯವನ್ನು ಅಲ್ಲಾಹನು ಶುದ್ಧಗೊಳಿಸಲಿ. ನಿಜ ಹೇಳಿದ್ದಕ್ಕೆ ಕಷ್ಟಕ್ಕೆ ಸಿಕ್ಕ ಸಹೋದರರಿಗೆ ಬೇರೆ ಬಾಗಿಲು ತೆರೆಯಲಿ. ಬೀಗ ಹಾಕಿದ ಬಾಗಿಲುಗಳ ಹಿಂದೆ ಸತ್ತವರೆಲ್ಲರ ಮೇಲೆ ಕರುಣೆ ತೋರಲಿ. ನಮ್ಮ ಉಪವಾಸವನ್ನು ಸ್ವೀಕರಿಸಲಿ. ಆಮೀನ್.